‘ಡೆತ್ ಮ್ಯಾಗ್ನೆಟಿಕ್’ ಕರಕರ ಎನ್ನುವುದೇಕೆ? ದೋಷ ಸ್ಪೀಕರಿನದಲ್ಲ, ಮಿಕ್ಸಿಂಗಿನದು

ಪ್ರಶ್ನೆ: ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಹಳೆಯ ಆಲ್ಬಂಗಳೆಲ್ಲ ನನ್ನ ಸ್ಪೀಕರ್‌ಗಳಲ್ಲಿ ಚೆನ್ನಾಗಿಯೇ ಕೇಳಿಸುತ್ತವೆ. 2008ರ ‘ಡೆತ್ ಮ್ಯಾಗ್ನೆಟಿಕ್’ ಮಾತ್ರ ಒಡೆದಂತೆ ಕೇಳುತ್ತದೆ. ಡ್ರಮ್ ಏಟು ಬಿದ್ದಾಗಲೆಲ್ಲ ಕರಕರ ಸದ್ದು. ಹೆಡ್‌ಫೋನ್ ಬದಲಾಯಿಸಿದರೂ ಅದೇ ಕಥೆ. ಸ್ಪೀಕರ್ ಹೋಗಿದೆಯೇ, ಸಿಡಿ ನಕಲಿಯೇ? ಲಾಸ್‌ಲೆಸ್ ಫೈಲನ್ನೋ ಎಲ್‌ಪಿಯನ್ನೋ ಕೊಂಡರೆ ಸರಿಹೋದೀತೇ? ಕಂಪ್ಯೂಟರಿನಲ್ಲಿ ರಿಪೇರಿ ಮಾಡಲು ಬರುತ್ತದೆಯೇ? ನಮ್ಮ ಬ್ಯಾಂಡಿನ ಐದು ಹಾಡುಗಳ ಮಿಕ್ಸಿಂಗ್ (ಬಿಡಿ ವಾದ್ಯಗಳ ಧ್ವನಿಯನ್ನು ಒಂದಾಗಿ ಬೆರೆಸುವ ಕೆಲಸ) ಈಗ ನಡೆಯುತ್ತಿದೆ. ಅವಕ್ಕೂ ಇದೇ ಗತಿ ಬಾರದಂತೆ ಏನು ಮಾಡಬೇಕು?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಸ್ಪೀಕರ್ ಹಾಳಾಗಿಲ್ಲ, ಸಿಡಿ ನಕಲಿಯೂ ಅಲ್ಲ. ಆ ಕರಕರ ಅಸಲಿ ಸಿಡಿಯಲ್ಲೇ ಅಚ್ಚಾಗಿದೆ. ಆದರೂ ಒಂದು ಸಣ್ಣ ಪರೀಕ್ಷೆ ಮಾಡಿ ಖಾತ್ರಿಪಡಿಸಿಕೊಳ್ಳಿ. ‘ಬ್ರೋಕನ್, ಬೀಟ್ ಅಂಡ್ ಸ್ಕಾರ್ಡ್’ ಹಾಡನ್ನು ಪಕ್ಕದಲ್ಲಿ ಕೂತವರ ಮಾತು ಸುಲಭವಾಗಿ ಕೇಳುವಷ್ಟು ಕಡಿಮೆ ವಾಲ್ಯೂಮಿನಲ್ಲಿ ಹಾಕಿ, ಸ್ನೇರ್ ಡ್ರಮ್ಮಿನ (ಕೆಳಗೆ ತಂತಿ ಬಿಗಿದ, ಚುರುಕಾಗಿ ಸಿಡಿಯುವ ಡ್ರಮ್) ಏಟಿಗೆ ಗಮನ ಕೊಡಿ. ಆಗಲೂ ಏಟಿನ ತುದಿ ಹರಿದಂತೆ ಕೇಳಿಸಿದರೆ ದೋಷ ರೆಕಾರ್ಡಿಂಗಿನದು. ವಾಲ್ಯೂಮ್ ಇಳಿಸಿದಾಗ ಕರಕರ ಪೂರ್ತಿ ಮಾಯವಾದರೆ ಮಾತ್ರ ಆಂಪ್ಲಿಫೈಯರನ್ನೋ ಸ್ಪೀಕರನ್ನೋ ಅನುಮಾನಿಸಬೇಕು. ನೀವು ಹೆಡ್‌ಫೋನಿನಲ್ಲೂ ಅದೇ ಕೇಳಿದ್ದೀರಿ ಎಂದ ಮೇಲೆ ಉತ್ತರ ಹೆಚ್ಚುಕಡಿಮೆ ಸಿಕ್ಕಂತೆಯೇ.

ಮೊದಲು ಆಲ್ಬಮ್ಮಿನ ಬಗ್ಗೆ ಎರಡು ಮಾತು. ಮೆಟಾಲಿಕಾ ಹುಟ್ಟಿದ್ದು 1981ರಲ್ಲಿ. ‘ಡೆತ್ ಮ್ಯಾಗ್ನೆಟಿಕ್’ ಅವರ ಒಂಬತ್ತನೆಯ ಸ್ಟುಡಿಯೋ ಆಲ್ಬಂ. 2008ರ ಸೆಪ್ಟೆಂಬರ್ 12ರಂದು ಬಿಡುಗಡೆಯಾಯಿತು. ಅದಕ್ಕೂ ಮುಂಚಿನ ‘ಸೇಂಟ್ ಆಂಗರ್’ (2003) ಗಿಟಾರ್ ಸೋಲೋಗಳೇ ಇಲ್ಲದೆ ಅನೇಕ ಅಭಿಮಾನಿಗಳನ್ನು ನಿರಾಸೆಗೊಳಿಸಿತ್ತು. 1991ರ ‘ಬ್ಲ್ಯಾಕ್ ಆಲ್ಬಂ’ನಿಂದ ಜೊತೆಗಿದ್ದ ನಿರ್ಮಾಪಕ ಬಾಬ್ ರಾಕ್ ಅವರನ್ನು ಬಿಟ್ಟು ಬ್ಯಾಂಡ್ ಈ ಸಲ ರಿಕ್ ರೂಬಿನ್ ಬಳಿ ಹೋಯಿತು. ಧ್ವನಿ ಕೆಲಸದಲ್ಲಿ ಮುಖ್ಯ ಕೈ ಗ್ರೆಗ್ ಫಿಡಲ್‌ಮನ್ ಅವರದು, ಮಾಸ್ಟರಿಂಗ್ (ಮುಗಿದ ಮಿಕ್ಸನ್ನು ಬಿಡುಗಡೆಗೆ ಸಿದ್ಧಗೊಳಿಸುವ ಕೊನೆಯ ಹಂತ) ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್‌ನ ಟೆಡ್ ಜೆನ್ಸನ್ ಅವರದು. ಬೇಸ್ ಗಿಟಾರಿಸ್ಟ್ ರಾಬರ್ಟ್ ಟ್ರುಹಿಯೋ ಈ ಬ್ಯಾಂಡಿನ ಸ್ಟುಡಿಯೋ ಆಲ್ಬಮ್ಮಿನಲ್ಲಿ ನುಡಿಸಿದ್ದು ಇದೇ ಮೊದಲು. ಹತ್ತು ಹಾಡು, ಸುಮಾರು 75 ನಿಮಿಷ. ಸೋಲೋಗಳು ಮರಳಿದವು, ಎಂಬತ್ತರ ದಶಕದ ಉದ್ದುದ್ದ ರಚನೆಗಳೂ ಮರಳಿದವು. ಸಂಗೀತವಾಗಿ ಇದು ನಲವತ್ತು ದಾಟಿದ ಆಟಗಾರರ ಗಟ್ಟಿ ಕೆಲಸ. ಧ್ವನಿ ಹೀಗಾಗಿದ್ದಕ್ಕೆ ಹೊಟ್ಟೆ ಉರಿಯುವುದೂ ಅದಕ್ಕೇ. ಅಂದಹಾಗೆ, ‘ಸೇಂಟ್ ಆಂಗರ್’ನಲ್ಲಿ ಪಾತ್ರೆ ಬಡಿದಂತೆ ಕೇಳುವ ಸ್ನೇರ್ ಬೇರೆ ವಿಷಯ. ಅಲ್ಲಿ ಡ್ರಮ್ಮಿನ ಕೆಳಗಿನ ತಂತಿಗಳನ್ನು ಬೇಕೆಂದೇ ಸಡಿಲಿಸಿ ನುಡಿಸಿದ್ದಾರೆ. ಅದು ಅಭಿರುಚಿಯ ಪ್ರಶ್ನೆ, ಇದು ತಾಂತ್ರಿಕ ಹಾನಿ. ಎರಡನ್ನೂ ಬೆರೆಸಬೇಡಿ.

ಈಗ ಹಾನಿ ಆದದ್ದು ಹೇಗೆ ಎಂದು ನೋಡೋಣ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳು, ಅಂದರೆ ಧ್ವನಿಯ ಅಲೆಯ ಎತ್ತರದ ಅಳತೆಗಳು ಇರುತ್ತವೆ. ಒಂದೊಂದೂ 16 ಬಿಟ್ಟಿನ ಸಂಖ್ಯೆ, ಅಂದರೆ −32,768ರಿಂದ +32,767ರವರೆಗೆ ಎಷ್ಟು ಬೇಕಾದರೂ ಇರಬಹುದು. ಅದಕ್ಕಿಂತ ಮೇಲೆ ಬರೆಯಲು ಜಾಗವೇ ಇಲ್ಲ. ಆ ಮಿತಿಗೆ ಸೊನ್ನೆ ಡೆಸಿಬಲ್ ಎನ್ನುತ್ತಾರೆ. ಹಾಡು ಹೆಚ್ಚು ಜೋರಾಗಿ ಕೇಳಬೇಕೆಂದರೆ ಮಿತಿಯನ್ನು ಏರಿಸಲಾಗದು, ಸರಾಸರಿ ಮಟ್ಟವನ್ನೇ ಏರಿಸಬೇಕು. ಹಾಗೆ ಏರಿಸುವಾಗ ಏಟುಗಳ ತುದಿ ಮಿತಿಗೆ ಬಡಿಯುತ್ತದೆ. ಸ್ವಲ್ಪ ಬಡಿದರೆ ಲಿಮಿಟರ್ ಎಂಬ ಸಾಧನ ನಾಜೂಕಾಗಿ ಅದುಮುತ್ತದೆ. ಮತ್ತೂ ಒತ್ತಿದರೆ ತುದಿ ಕತ್ತರಿಸಿಹೋಗಿ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಮೇಲಿನ ಆವರ್ತನಗಳು ಹುಟ್ಟಿಕೊಳ್ಳುತ್ತವೆ. ನಿಮಗೆ ಕೇಳುವ ಕರಕರ ಅವೇ.

ಮೊದಲ ಪೆಟ್ಟು ತಿನ್ನುವುದು ಡ್ರಮ್. ಸ್ನೇರಿನ ಏಟಿನ ಮೊನಚೆಲ್ಲ ಮೊದಲ ಒಂದೆರಡು ಮಿಲಿಸೆಕೆಂಡಿನಲ್ಲಿದೆ. ಒಂದು ಮಿಲಿಸೆಕೆಂಡಿಗೆ 44 ಸ್ಯಾಂಪಲ್ ಬರುತ್ತವೆ. ಅದರಲ್ಲಿ ಇಪ್ಪತ್ತು, ಮೂವತ್ತು ಸ್ಯಾಂಪಲ್ ಒಂದೇ ಸಂಖ್ಯೆಯಲ್ಲಿ ಸಿಕ್ಕಿಕೊಂಡರೆ ‘ಟಪ್’ ಎನ್ನಬೇಕಾದ ಏಟು ‘ಚರ್’ ಎನ್ನುತ್ತದೆ. ಕಾಲಿನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್ ಮಾಡುವ ಅನಾಹುತ ಇನ್ನೂ ದೊಡ್ಡದು. ಅದರ ಅಲೆ ನಿಧಾನದ್ದು, ಎತ್ತರದ್ದು. ಗಿಟಾರಿನ ಸಣ್ಣ ಅಲೆಗಳು ಅದರ ಬೆನ್ನ ಮೇಲೆ ಕೂತು ಹೋಗುತ್ತವೆ. ಕಿಕ್ಕಿನ ಶಿಖರ ಮಿತಿಗೆ ತಾಗಿ ಕತ್ತರಿಸಿತೆಂದರೆ ಅದರ ಮೇಲಿದ್ದ ಗಿಟಾರೂ ಆ ಕ್ಷಣಕ್ಕೆ ಅಳಿಸಿಹೋಗುತ್ತದೆ. ಹೀಗಾಗಿ ಡಬಲ್ ಬೇಸ್ (ಎರಡೂ ಕಾಲಿನಿಂದ ಬಾರಿಸುವ ಕಿಕ್ ಡ್ರಮ್) ಓಡುವ ಕಡೆಗಳಲ್ಲಿ ಗಿಟಾರ್ ಗೋಡೆಯಂತೆ ನಿಲ್ಲದೆ ನಡುಗುತ್ತದೆ. ‘ದ ಡೇ ದಟ್ ನೆವರ್ ಕಮ್ಸ್’ ಕೇಳಿನೋಡಿ. ಶುರುವಿನ ಶಾಂತ ಗಿಟಾರ್ ನಿರ್ಮಲವಾಗಿದೆ, ಕೊನೆಯ ಭಾಗದಲ್ಲಿ ವೇಗ ಹಿಡಿಯುತ್ತಿದ್ದಂತೆ ಎಲ್ಲ ಕಲಸಿಹೋಗುತ್ತದೆ. ‘ದ ಅನ್‌ಫರ್ಗಿವನ್ 3’ರ ಆರಂಭದ ಪಿಯಾನೋ ಕೂಡ ಹಾಗೆಯೇ ಶುಭ್ರ. ಸಿಡಿ ಎಂಬ ಮಾಧ್ಯಮಕ್ಕೆ ಶಕ್ತಿಯಿಲ್ಲ ಎನ್ನುವವರಿಗೆ ಇದೇ ಆಲ್ಬಮ್ಮಿನ ಈ ಎರಡು ಜಾಗಗಳೇ ಉತ್ತರ.

ಎಷ್ಟು ಒತ್ತಿದ್ದಾರೆ ಎಂಬುದಕ್ಕೆ ಒಂದು ಅಳತೆಗೋಲಿದೆ. ಹಾಡಿನ ಶಿಖರಕ್ಕೂ ಜೋರಾದ ಭಾಗಗಳ ಸರಾಸರಿಗೂ ಇರುವ ಅಂತರವನ್ನು ಡಿಆರ್ (ಡೈನಮಿಕ್ ರೇಂಜ್) ಅಂಕ ಎಂದು ಲೆಕ್ಕ ಹಾಕುತ್ತಾರೆ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನ ಹಳೆಯ ಸಿಡಿಗೆ ಸುಮಾರು 12 ಬರುತ್ತದೆ. ‘ಡೆತ್ ಮ್ಯಾಗ್ನೆಟಿಕ್’ ಸಿಡಿಗೆ 3. ರಾಕ್ ಸಂಗೀತಕ್ಕೆ 8ರ ಮೇಲಿದ್ದರೆ ಡ್ರಮ್ ಉಸಿರಾಡುತ್ತದೆ, 5ರ ಕೆಳಗೆ ಇಳಿದರೆ ಕಿವಿ ಬೇಗ ದಣಿಯುತ್ತದೆ ಎಂಬುದು ನನ್ನ ಅಂದಾಜು.

ಇದನ್ನು ಮಾಡಿದವರಾರು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಮಾಮೂಲಿಯಾಗಿ ತಪ್ಪನ್ನು ಮಾಸ್ಟರಿಂಗ್ ಮಾಡಿದವರ ಮೇಲೆ ಹಾಕುತ್ತಾರೆ. ಇಲ್ಲಿ ಅದು ಅನ್ಯಾಯ. ಮಿಕ್ಸ್‌ಗಳು ತಮ್ಮ ಕೈ ಸೇರುವ ಮೊದಲೇ ಮಿತಿಗೆ ಬಡಿದು ಚಪ್ಪಟೆಯಾಗಿದ್ದವು ಎಂದು ಜೆನ್ಸನ್ ಒಬ್ಬ ಅಭಿಮಾನಿಗೆ ಬರೆದ ಉತ್ತರ ಬಹಿರಂಗವಾಯಿತು. ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಆಲ್ಬಂ ಬಿಡುಗಡೆಯ ಹೊತ್ತಿಗೇ ಈ ಹಾಡುಗಳು ‘ಗಿಟಾರ್ ಹೀರೋ 3’ ಎಂಬ ವಿಡಿಯೋ ಗೇಮಿಗೂ ಬಂದವು. ಆ ಆಟದಲ್ಲಿ ಆಡುವವರು ಸ್ವರ ತಪ್ಪಿದರೆ ಅವರ ಗಿಟಾರ್ ಮಾತ್ರ ನಿಲ್ಲಬೇಕು, ಉಳಿದದ್ದು ಸಾಗಬೇಕು. ಹಾಗಾಗಿ ಗೇಮ್ ತಯಾರಕರಿಗೆ ವಾದ್ಯಗಳ ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ಕೊಡಬೇಕಾಯಿತು. ಇಡೀ ಮಿಕ್ಸಿನ ಮೇಲೆ ಕೂತ ಆ ಕೊನೆಯ ಒತ್ತಡ ಬಿಡಿ ಟ್ರ್ಯಾಕ್‌ಗಳಿಗೆ ತಾಗಿರಲಿಲ್ಲ. ಗೇಮಿನ ಧ್ವನಿಯನ್ನು ಸಿಡಿಯ ಪಕ್ಕದಲ್ಲಿಟ್ಟು ನೋಡಿದವರಿಗೆ ಸುಮಾರು 10 ಡೆಸಿಬಲ್ ವ್ಯತ್ಯಾಸ ಕಂಡಿತು. ಸ್ನೇರ್ ಸ್ನೇರಿನಂತಿತ್ತು, ಅಲೆಗಳಿಗೆ ತಲೆಯಿತ್ತು. ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿ ಎಂದು ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದರು. ಅಂದರೆ ಮೂಲ ಧ್ವನಿಮುದ್ರಣ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಅದಕ್ಕಿಂತ ಮುಂದಿನ ಹಂತದಲ್ಲಿ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹಾನಿ ಮಿಕ್ಸಿನಲ್ಲೇ ಆಗಿರುವುದರಿಂದ ಅದರಿಂದ ತೆಗೆದ ಎಲ್ಲ ಪ್ರತಿಗಳಿಗೂ ಅದು ಹರಿದು ಬರುತ್ತದೆ. ಲಾಸ್‌ಲೆಸ್ ಫೈಲ್ ಎಂದರೆ ಚಪ್ಪಟೆಯಾದ ಅಲೆಯ ನಿಖರ ನಕಲು, ಅಷ್ಟೇ. 24 ಬಿಟ್ ಎಂದು ಬರೆದಿದ್ದರೂ ಕತ್ತರಿಸಿದ್ದು ಬೆಳೆಯುವುದಿಲ್ಲ. ಎಲ್‌ಪಿ ವಿಷಯದಲ್ಲಿ ಒಂದು ಮೋಸದ ಅಳತೆ ಇದೆ, ಹುಷಾರಾಗಿರಿ. ಎಲ್‌ಪಿಯಿಂದ ರೆಕಾರ್ಡ್ ಮಾಡಿ ಅಳೆದರೆ ಡಿಆರ್ ಕೆಲವು ಅಂಕ ಹೆಚ್ಚು ತೋರಿಸುತ್ತದೆ. ಕತ್ತರಿಸುವ ಯಂತ್ರ, ಸೂಜಿ, ಫೋನೋ ಆಂಪ್ಲಿಫೈಯರ್ ಇವೆಲ್ಲ ಅಲೆಯ ಬೇರೆಬೇರೆ ಆವರ್ತನಗಳನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸುತ್ತವೆ. ಆಗ ಚಪ್ಪಟೆ ತಲೆ ಓರೆಯಾಗಿ ಹೊಸ ಶಿಖರಗಳು ಕಾಣಿಸಿಕೊಳ್ಳುತ್ತವೆ. ಅಂಕ ಏರುತ್ತದೆ, ಕಳೆದುಹೋದ ಸ್ನೇರ್ ಮಾತ್ರ ಮರಳುವುದಿಲ್ಲ. ಮೇಲಿನ ಆವರ್ತನ ಸ್ವಲ್ಪ ಮೆತ್ತಗಾಗುವುದರಿಂದ ಕೇಳಲು ಹಿತ ಎನಿಸಬಹುದು. ಅದಕ್ಕಾಗಿ ಕೊಳ್ಳುವುದಾದರೆ ಕೊಳ್ಳಿ, ರಿಪೇರಿಯಾದ ಪ್ರತಿ ಎಂದು ನಂಬಿ ದುಡ್ಡು ಹಾಕಬೇಡಿ.

ಎಂಪಿ3 ಮತ್ತು ಸ್ಟ್ರೀಮಿಂಗಿನಲ್ಲಿ ಇದರ ಮೇಲೆ ಇನ್ನೊಂದು ಹಾನಿ ಸೇರುತ್ತದೆ, ಅದನ್ನು ನೀವೇ ತಡೆಯಬಹುದು. ಸಂಕುಚಿತ ಫೈಲನ್ನು ಬಿಡಿಸುವಾಗ ಅಲೆ ಮೂಲದಂತೆಯೇ ಬರುವುದಿಲ್ಲ. ಮಿತಿಯ ಅಂಚಿನಲ್ಲೇ ಇದ್ದ ಸಂಗೀತ ಆಗ ಒಂದೆರಡು ಡೆಸಿಬಲ್ ಮಿತಿ ದಾಟಿ ಇನ್ನೊಮ್ಮೆ ಕತ್ತರಿಸಲ್ಪಡುತ್ತದೆ. ಸ್ಪಾಟಿಫೈ ಬಳಸುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ನಾರ್ಮಲೈಸೇಷನ್ ಆನ್ ಇರಲಿ, ಮಟ್ಟ ‘ನಾರ್ಮಲ್’ ಇರಲಿ. ಆಗ ಹಾಡುಗಳು −14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಮಾನ) ಎಂಬ ಒಂದೇ ಗಟ್ಟಿತನಕ್ಕೆ ಬರುತ್ತವೆ. ಅಳತೆ −6 ಇರುವ ಹಾಡು 8 ಡೆಸಿಬಲ್ ಕೆಳಗಿಳಿಯುತ್ತದೆ, ಮೇಲೆ ಜಾಗ ಸಿಗುತ್ತದೆ. ಆಪಲ್ ಮ್ಯೂಸಿಕ್‌ನಲ್ಲಿ ಇದೇ ಕೆಲಸ ಮಾಡುವುದು ಸೌಂಡ್ ಚೆಕ್. ಕಂಪ್ಯೂಟರಿನಲ್ಲಿ ಫೂಬಾರ್2000 ಎಂಬ ಪ್ಲೇಯರ್ ಇದ್ದರೆ ಫೈಲ್‌ಗಳಿಗೆ ರಿಪ್ಲೇಗೇನ್ (ಗಟ್ಟಿತನ ಅಳೆದು ಮಟ್ಟ ಸರಿಹೊಂದಿಸುವ ವಿಧಾನ) ಸ್ಕ್ಯಾನ್ ಮಾಡಿ ಆಲ್ಬಂ ಗೇನ್ ಆರಿಸಿ. ಟ್ರ್ಯಾಕ್ ಗೇನ್ ಹಾಕಿದರೆ ಹಾಡಿಂದ ಹಾಡಿಗೆ ಇರಬೇಕಾದ ಏರಿಳಿತ ಹೋಗುತ್ತದೆ.

ಈಕ್ವಲೈಸರ್ ವಿಷಯದಲ್ಲಿ ಒಂದೇ ನಿಯಮ: ಈ ಆಲ್ಬಮ್ಮಿಗೆ ಯಾವ ಪಟ್ಟಿಯನ್ನೂ ಮೇಲಕ್ಕೆ ಎಳೆಯಬೇಡಿ. ಸಂಗೀತ ಈಗಾಗಲೇ ಮಿತಿಯಲ್ಲಿದೆ. ಬೇಸ್ 6 ಡೆಸಿಬಲ್ ಏರಿಸಿದರೆ ಫೋನಿನೊಳಗೇ ಮತ್ತೊಂದು ಸುತ್ತು ಕ್ಲಿಪ್ಪಿಂಗ್ ಆಗುತ್ತದೆ. ಕಾರಿನ ಸ್ಟೀರಿಯೋದಲ್ಲಿ ಇದು ಅಸಹನೀಯವಾಗುವುದಕ್ಕೆ ಬೇಸ್ ಬೂಸ್ಟ್ ಗುಂಡಿಯೇ ಎಷ್ಟೋ ಸಲ ಕಾರಣ. ಮೊದಲು ಈಕ್ವಲೈಸರಿನ ಒಟ್ಟು ಮಟ್ಟದ ಪಟ್ಟಿಯಾದ ಪ್ರೀಆಂಪನ್ನು −6ಕ್ಕೆ ಇಳಿಸಿ. ಆಮೇಲೆ 2.5ರಿಂದ 4 ಕಿಲೋಹರ್ಟ್ಸ್ ನಡುವೆ 2–3 ಡೆಸಿಬಲ್ ಕಡಿಮೆ ಮಾಡಿ. ಕತ್ತರಿಸಿದ ಅಂಚುಗಳು ಕಿವಿಗೆ ಅತಿ ಹೆಚ್ಚು ಚುಚ್ಚುವುದು ಅಲ್ಲೇ. ಜೋರು ಬೇಕೆನಿಸಿದರೆ ಕೊನೆಗೆ ಆಂಪ್ಲಿಫೈಯರಿನ ಗುಂಡಿಯಿಂದ ಏರಿಸಿಕೊಳ್ಳಿ.

ಇನ್ನು ರಿಪೇರಿ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರ್ ಸಾಕು. ಸಿಡಿಯಿಂದ ವೇವ್ ಫೈಲಾಗಿ ತೆಗೆಯಿರಿ, ಎಂಪಿ3 ಬೇಡ. ಹಾಡನ್ನು ತೆರೆದು ‘ವ್ಯೂ’ ಮೆನುವಿನಲ್ಲಿ ‘ಶೋ ಕ್ಲಿಪ್ಪಿಂಗ್’ ಆನ್ ಮಾಡಿದರೆ ಮಿತಿ ಮುಟ್ಟಿದ ಜಾಗಗಳಲ್ಲಿ ಕೆಂಪು ಗೆರೆ ಮೂಡುತ್ತದೆ. ‘ಅನಲೈಸ್’ ಮೆನುವಿನ ‘ಫೈಂಡ್ ಕ್ಲಿಪ್ಪಿಂಗ್’ ಅವುಗಳ ಪಟ್ಟಿಯನ್ನೇ ಕೊಡುತ್ತದೆ. ಆದರೆ ಕೆಂಪು ಗೆರೆ ಕಡಿಮೆ ಕಂಡಿತೆಂದು ಹಾನಿಯೂ ಕಡಿಮೆ ಎಂದುಕೊಳ್ಳಬೇಡಿ. ಈ ಆಲ್ಬಂ ಮಿಕ್ಸಿನಲ್ಲಿ ಕತ್ತರಿಸಿ, ಆಮೇಲೆ ಮಾಸ್ಟರಿಂಗ್ ದಾಟಿ ಬಂದದ್ದು. ಕತ್ತರಿಸಿದ ನಂತರ ಮಟ್ಟವೋ ಈಕ್ವಲೈಸರೋ ಬದಲಾದರೆ ಚಪ್ಪಟೆ ತಲೆ ಸೊನ್ನೆಗಿಂತ ಕೆಳಗೆ ಸರಿಯಬಹುದು, ತುಸು ಓರೆಯೂ ಆಗಬಹುದು. ಸಾಫ್ಟ್‌ವೇರ್ ಅದನ್ನು ಹಿಡಿಯುವುದಿಲ್ಲ, ಕಣ್ಣು ಹಿಡಿಯುತ್ತದೆ. ಒಂದೊಂದು ಸ್ಯಾಂಪಲ್ ಚುಕ್ಕಿಯಾಗಿ ಕಾಣುವವರೆಗೆ ಝೂಮ್ ಮಾಡಿ, ಸ್ನೇರ್ ಏಟಿನ ಮೇಲೆ ನಿಲ್ಲಿಸಿ ನೋಡಿ.

‘ಎಫೆಕ್ಟ್’ ಮೆನುವಿನ ‘ಕ್ಲಿಪ್ ಫಿಕ್ಸ್’ ಕತ್ತರಿಸಿದ ತಲೆಯನ್ನು ಅಕ್ಕಪಕ್ಕದ ಸ್ಯಾಂಪಲ್‌ಗಳಿಂದ ಊಹಿಸಿ ಬರೆಯುತ್ತದೆ. ಅದರಲ್ಲಿ ಎರಡೇ ಅಂಕಿ: ಕ್ಲಿಪ್ಪಿಂಗ್ ಮಿತಿ 95 ಶೇಕಡ, ಹೊಸ ಶಿಖರಗಳಿಗೆ ಜಾಗ ಮಾಡಲು −9 ಡೆಸಿಬಲ್. ಲಂಬ ಅಳತೆಯಲ್ಲಿ ಚಪ್ಪಟೆ ಜಾಗ 0.97ರಲ್ಲಿದ್ದರೆ 95 ಸರಿ, 0.92ರಲ್ಲಿದ್ದರೆ 90ಕ್ಕೆ ಇಳಿಸಿ. ಮಿತಿಯನ್ನು ಚಪ್ಪಟೆಗಿಂತ ಮೇಲಿಟ್ಟರೆ ಏನೂ ಆಗುವುದಿಲ್ಲ, ತೀರಾ ಕೆಳಗಿಟ್ಟರೆ ಒಳ್ಳೆಯ ಅಲೆಗಳನ್ನೂ ಅದು ತಿದ್ದಿ ಕೆಡಿಸುತ್ತದೆ. ಇಡೀ ಹಾಡಿಗೆ ಒಮ್ಮೆಗೇ ಹಾಕುವ ಬದಲು ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಪ್ರಯತ್ನಿಸಿ. ಮೂರು, ನಾಲ್ಕು ಸ್ಯಾಂಪಲ್ ಹೋಗಿದ್ದ ಕಡೆ ಊಹೆ ಸರಿಯಾಗಿ ಕೂರುತ್ತದೆ. ಇಪ್ಪತ್ತು, ಮೂವತ್ತು ಹೋಗಿದ್ದ ಕಡೆ ಬರುವುದು ಒಂದು ಗುಡ್ಡದ ಆಕಾರ ಮಾತ್ರ. ಅಲ್ಲಿದ್ದ ಗಿಟಾರಿನ ವಿವರ ಯಾವ ಲೆಕ್ಕದಿಂದಲೂ ಮರಳದು. ಒಟ್ಟು ಫಲ: ಚುಚ್ಚುವುದು ತುಸು ತಗ್ಗುತ್ತದೆ, ಹೊಡೆತ ಮರಳುವುದಿಲ್ಲ. ಒಂದು ಸಂಜೆಯ ಕೆಲಸಕ್ಕೆ ತಕ್ಕ ಲಾಭವೇ ಎಂದು ಕೇಳಿದರೆ, ನಿಮಗೆ ಪ್ರಿಯವಾದ ಎರಡು ಹಾಡಿಗೆ ಮಾಡಿ ನೋಡಿ, ಹತ್ತಕ್ಕೂ ಬೇಡ ಎನ್ನುತ್ತೇನೆ.

ತಿದ್ದಿದ ಪ್ರತಿಯನ್ನು ಮೂಲದೊಂದಿಗೆ ಹೋಲಿಸುವಾಗ ಎರಡರ ಗಟ್ಟಿತನ ಸಮ ಮಾಡಲೇಬೇಕು. ಒಂದು ಡೆಸಿಬಲ್ ಜೋರಾಗಿರುವುದೂ ಕಿವಿಗೆ ‘ಚೆನ್ನಾಗಿದೆ’ ಎಂದೇ ಕೇಳುತ್ತದೆ. ಇಡೀ ಉದ್ಯಮ ಈ ಹಳ್ಳಕ್ಕೆ ಬಿದ್ದದ್ದೂ ಹೀಗೆಯೇ. ಯೂಲೀನ್ ಎಂಬ ಉಚಿತ ಮೀಟರಿನಲ್ಲಿ ಎರಡನ್ನೂ ಅಳೆದು, ಜೋರಿರುವುದನ್ನು ಇಳಿಸಿ ಆಮೇಲೆ ಕೇಳಿ. ಬೇರೆಬೇರೆ ಅಂಗಡಿಗಳಲ್ಲಿ ಸಿಗುವ ಡಿಜಿಟಲ್ ಪ್ರತಿಗಳನ್ನು ತೂಗಿ ನೋಡಲೂ ಇದೇ ದಾರಿ. ಹೊದಿಕೆ, ಹೆಸರು ಎಲ್ಲ ಒಂದೇ ಇದ್ದರೂ ಒಳಗಿನ ಮಾಸ್ಟರ್ ಬೇರೆ ಇರಬಹುದು. ಅದನ್ನು ಮೀಟರೇ ಹೇಳಬೇಕು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ್ದನ್ನು ಕೇಳಿದವರು ‘ವೇದಿಕೆಯಲ್ಲಿ ಇಷ್ಟು ಜೋರಿದ್ದರೂ ಕರಕರ ಇರಲಿಲ್ಲವಲ್ಲ’ ಎಂದು ಕೇಳುವುದುಂಟು. ಜೋರು ಬೇರೆ, ಒತ್ತಡ ಬೇರೆ. ಮೈದಾನದ ಸ್ಪೀಕರ್‌ಗಳಲ್ಲಿ ಏಟಿನ ತುದಿಗೆ ಏಳಲು ಜಾಗ ಇಟ್ಟಿರುತ್ತಾರೆ. ಸಿಡಿಯಲ್ಲಿ ಆ ಜಾಗವನ್ನೇ ತಿಂದುಹಾಕಿದ್ದಾರೆ.

ನಿಜವಾದ ಮದ್ದು ಒಂದೇ, ಬಿಡಿ ಟ್ರ್ಯಾಕ್‌ಗಳಿಂದ ಮತ್ತೆ ಮಿಕ್ಸ್ ಮಾಡುವುದು. ಅದು ಆಗದ ಮಾತಲ್ಲ ಎಂದು ಇನ್ನೊಂದು ಹಿರಿಯ ಬ್ಯಾಂಡ್ ತೋರಿಸಿದೆ. ಕೆನಡಾದ ರಷ್ 1968ರಲ್ಲಿ ಹುಟ್ಟಿದ ತಂಡ. ಡ್ರಮ್ಮರ್ ನೀಲ್ ಪಿಯರ್ಟ್ ಮಗಳನ್ನೂ ಪತ್ನಿಯನ್ನೂ ಕಳೆದುಕೊಂಡ ನಂತರ ಐದು ವರ್ಷ ಸುಮ್ಮನಿದ್ದು, 2002ರಲ್ಲಿ ‘ವೇಪರ್ ಟ್ರೇಲ್ಸ್’ ತಂದರು. ಅಷ್ಟು ನೋವು ದಾಟಿ ಬಂದ ಸಂಗೀತ ಇದೇ ಕ್ಲಿಪ್ಪಿಂಗಿನಲ್ಲಿ ಮುಳುಗಿತ್ತು. 2009ರ ಒಂದು ಸಂಕಲನಕ್ಕೆ ಎರಡು ಹಾಡುಗಳನ್ನು ರಿಚರ್ಡ್ ಚಿಕಿ ಮತ್ತೆ ಮಿಕ್ಸ್ ಮಾಡಿದರು, 2013ರಲ್ಲಿ ಡೇವಿಡ್ ಬಾಟ್ರಿಲ್ ಇಡೀ ಆಲ್ಬಮ್ಮನ್ನೇ ಮಾಡಿಕೊಟ್ಟರು. ಹನ್ನೊಂದು ವರ್ಷ ಕೆಸರಿನಲ್ಲಿದ್ದ ಬೇಸ್ ಸಾಲುಗಳು ಅದರಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ. ‘ಡೆತ್ ಮ್ಯಾಗ್ನೆಟಿಕ್’ಗೂ ಇದು ಸಲ್ಲಬೇಕು. ಗೇಮಿಗೆ ಕೊಟ್ಟ ಟ್ರ್ಯಾಕ್‌ಗಳೇ ಹೇಳುವಂತೆ ಸಾಮಗ್ರಿಯಲ್ಲಿ ಕೊರತೆಯಿಲ್ಲ.

ಕೊನೆಗೆ ನಿಮ್ಮ ಬ್ಯಾಂಡಿನ ಐದು ಹಾಡು. ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ, ಒಂದೊಂದು ಟ್ರ್ಯಾಕಿನ ಶಿಖರ −12ರಿಂದ −10 ಡೆಸಿಬಲ್ ಒಳಗಿರಲಿ. 24 ಬಿಟ್‌ನಲ್ಲಿ ಜಾಗ ಧಾರಾಳ, ಕೆಂಪು ದೀಪದವರೆಗೆ ತಳ್ಳುವ ಅಗತ್ಯವಿಲ್ಲ. ಮಿಕ್ಸ್ ಮುಗಿದಾಗ ಎಲ್ಲ ಟ್ರ್ಯಾಕ್ ಒಂದಾಗಿ ಸೇರುವ ಮಾಸ್ಟರ್ ಬಸ್ಸಿನ ಶಿಖರ −6 ಆಸುಪಾಸಿನಲ್ಲಿದ್ದು, ಅದರ ಮೇಲಿನ ಲಿಮಿಟರ್ ಆಫ್ ಆಗಿರಬೇಕು. ಹುಡುಗರಿಗೆ ಕೇಳಿಸಲು ಜೋರಾದ ಪ್ರತಿ ಬೇಕೇ ಬೇಕು ಎಂದಾದರೆ ಲಿಮಿಟರ್ ಹಾಕಿದ ಪ್ರತಿ ಬೇರೆ, ಹಾಕದ ಪ್ರತಿ ಬೇರೆ ತೆಗೆಯಿರಿ. ಮಾಸ್ಟರಿಂಗಿಗೆ ಎರಡನೆಯದನ್ನೇ ಕಳಿಸಿ, ಮೊದಲನೆಯದನ್ನು ಮಾದರಿಗೆಂದು ಜೊತೆಗಿಡಿ. ಅನುಭವಿಗಳೂ ಎಡವುವ ಜಾಗ ಇದು. ವಾರಗಟ್ಟಲೆ ಲಿಮಿಟರ್ ಹಾಕಿಕೊಂಡೇ ಮಿಕ್ಸ್ ಮಾಡಿ ಕೊನೆಗೆ ತೆಗೆದರೆ ಇಡೀ ಸಮತೋಲ ಕುಸಿಯುತ್ತದೆ. ಮೊದಲ ದಿನದಿಂದಲೇ ತೆಗೆದಿಡಿ.

ಸ್ನೇರ್ ತುಂಬ ಚಿಮ್ಮುತ್ತಿದೆ ಎನಿಸಿದರೆ ಆ ಟ್ರ್ಯಾಕ್ ಒಂದನ್ನೇ ಒಂದೆರಡು ಡೆಸಿಬಲ್ ಕ್ಲಿಪ್ ಮಾಡಿ. ಆಗ ಗಿಟಾರಿಗೂ ಹಾಡುಗಾರಿಕೆಗೂ ಏಟು ಬೀಳುವುದಿಲ್ಲ. ಮಾಸ್ಟರಿಂಗಿನಲ್ಲಿ ಲಿಮಿಟರಿನ ಸೂಜಿ 2–3 ಡೆಸಿಬಲ್ ಅಲುಗಾಡಿದರೆ ಚಿಂತೆಯಿಲ್ಲ. 6ರ ಹತ್ತಿರ ಹೋದರೆ ಡ್ರಮ್ ಸಾಯುತ್ತಿದೆ ಎಂದರ್ಥ. ನಿಲ್ಲಿಸಿ ಎಂದು ಹೇಳುವ ಹಕ್ಕು ನಿಮಗಿದೆ. ರಾಕ್ ಹಾಡಿಗೆ −11ರಿಂದ −9 ಎಲ್‌ಯುಎಫ್‌ಎಸ್, ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವಿನ ಅಲೆಯನ್ನೂ ಲೆಕ್ಕಕ್ಕೆ ಹಿಡಿದ ಶಿಖರ) −1 ಡೆಸಿಬಲ್ ಎಂದು ಬರಹದಲ್ಲೇ ಕೊಡಿ. ಅದಕ್ಕಿಂತ ಜೋರು ಮಾಡಿ ಕಳಿಸಿದರೂ ಸ್ಟ್ರೀಮಿಂಗ್ ಸೇವೆ ಇಳಿಸಿಯೇ ಕೇಳಿಸುತ್ತದೆ. ಹಾನಿ ಉಳಿಯುತ್ತದೆ, ಜೋರು ಉಳಿಯುವುದಿಲ್ಲ.

ಮಿಕ್ಸ್ ಒಪ್ಪಿದ ಮೇಲೆ ಸ್ಟುಡಿಯೋದಿಂದ ಬರೀ ಸ್ಟೀರಿಯೋ ಫೈಲ್ ಇಸಿದುಕೊಂಡು ಬರಬೇಡಿ. ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಸೆಕೆಂಡಿನಿಂದ ಶುರುವಾಗುವ ವೇವ್ ಫೈಲಾಗಿ ಕೇಳಿ ಪಡೆಯಿರಿ, ಎಫೆಕ್ಟ್ ಇರುವುದೊಂದು, ಇಲ್ಲದ್ದೊಂದು. ಫೈಲಿನ ಹೆಸರಿನಲ್ಲಿ ವಾದ್ಯ, ವೇಗ, ಸ್ಯಾಂಪಲ್ ರೇಟ್ ಇರಲಿ. ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲನ್ನು ಮಾತ್ರ ನಂಬಿಕೊಂಡರೆ ಕೆಲವು ವರ್ಷಗಳ ನಂತರ ಆ ಪ್ಲಗಿನ್‌ಗಳೇ ಇರುವುದಿಲ್ಲ. ಎರಡು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಎರಡು ಬೇರೆ ಮನೆಗಳಲ್ಲಿಡಿ, ವರ್ಷಕ್ಕೊಮ್ಮೆ ತೆರೆದು ನೋಡಿ.